‘ಬ್ಲಿ’ ಲೇಖನವನ್ನು ತಿದ್ದಿ ಕಳಿಸಿ

ಮಾನ್ಯರೆ,

ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ‘ಆಗು’ ಎನ್ನಲು ಬಳಸುವ ‘ಬ್ಲಿ’ ಕ್ರಿಯಾಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಅದನ್ನು ಪ್ರಕಟಿಸಲು ಆಗದು. ವಿಷಯ ಮಾತ್ರ ಬಹಳ ಚೆನ್ನಾಗಿದೆ, ಬಿಡಬೇಡಿ.

ತಪ್ಪು ಬುಡದಲ್ಲೇ ಇದೆ. ‘ಬ್ಲಿ’ ಈ ಮೂರೂ ಭಾಷೆಗಳ ತಾಯಿನುಡಿಯಾದ ಹಳೆಯ ನಾರ್ಸ್‌ನಿಂದ ಇಳಿದುಬಂದ ಪದ ಎಂದಿದ್ದೀರಿ. ಅಲ್ಲ, ಅದು ಎರವಲು. ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಲ್ಯೂಬೆಕ್ ಕಡೆಯ ಹಾನ್ಸಾ ಎಂಬ ವ್ಯಾಪಾರಿ ಕೂಟದ ವರ್ತಕರು ಬರ್ಗೆನ್, ವಿಸ್ಬಿ, ಸ್ಟಾಕ್‌ಹೋಮ್‌ಗಳಲ್ಲಿ ವ್ಯಾಪಾರಕ್ಕೆ ನೆಲೆಸಿದಾಗ ಅವರ ಕೆಳಜರ್ಮನ್ ಭಾಷೆಯಿಂದ ಬಂದ ‘ಬ್ಲೀವೆನ್’ ಅದು, ಅರ್ಥ ‘ಉಳಿ’. ಗುರುತು ಪದದ ಮೊದಲಲ್ಲೇ ಇದೆ. ಆ ‘ಬ’ ಧಾತುವಿನದಲ್ಲ, ‘ಬಿ’ ಎಂಬ ಉಪಸರ್ಗ ಸವೆದು ಉಳಿದದ್ದು. ಒತ್ತಿಲ್ಲದ ಇಂಥ ಉಪಸರ್ಗಗಳನ್ನು ನಾರ್ಸ್ ಬಹಳ ಹಿಂದೆಯೇ ಕಳೆದುಕೊಂಡಿತ್ತು. ಸ್ವೀಡಿಷ್‌ನ ‘ಬೆತಾಲಾ’ (ಹಣ ಕೊಡು) ಬಂದದ್ದೂ ಇದೇ ದಾರಿಯಲ್ಲಿ.

ಮೂರೂ ಭಾಷೆಗಳಲ್ಲಿ ‘ಬ್ಲಿ’ ಎಂದರೆ ‘ಆಗು’ ಅಷ್ಟೇ ಎಂದು ಬರೆದದ್ದೂ ಸರಿಯಲ್ಲ. ‘ಇಲ್ಲೇ ಇರು’ ಎನ್ನಲು ಡೇನಿಷ್‌ನಲ್ಲಿ ‘ಬ್ಲಿವ್ ಹೆರ್’, ನಾರ್ವೇಜಿಯನ್‌ನಲ್ಲಿ ‘ಬ್ಲಿ ಹೆರ್’. ಹಳೆಯ ‘ಉಳಿ’ ಅಲ್ಲಿ ಇನ್ನೂ ಜೀವಂತ. ಸ್ವೀಡಿಷ್‌ನಲ್ಲಿ ಸಹಜವಾಗಿ ಬಾಯಿಗೆ ಬರುವುದು ‘ಸ್ತನ್ನಾ ಹೇರ್’. ‘ಬ್ಲಿ’ಗೆ ಆ ಅರ್ಥ ಬರಬೇಕಾದರೆ ‘ಬ್ಲಿ ಕ್ವಾರ್’ ಎಂದು ಇನ್ನೊಂದು ಪದ ಜೋಡಿಸಬೇಕಾಗುತ್ತದೆ.

ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟ ಭಾಗವೇ ನಿಜವಾದ ಸ್ವಾರಸ್ಯ. ‘ಬ್ಲಿ’ ಬಂದು ಕೂತ ಜಾಗದಲ್ಲಿ ಮೊದಲು ಯಾರಿದ್ದರು? ನಾರ್ಸ್‌ನ ‘ವೆರ್ದಾ’. ಐಸ್‌ಲ್ಯಾಂಡಿಕ್‌ನಲ್ಲಿ ‘ಆಗು’ ಎನ್ನಲು ಇಂದಿಗೂ ಅದೇ. ನಾರ್ವೇಜಿಯನ್‌ನ ಎರಡು ಬರಹರೂಪಗಳಲ್ಲಿ ಒಂದಾದ ನ್ಯೂನಾರ್ಸ್ಕ್‌ನಲ್ಲಿ ‘ವೆರ್ತಾ’ ಉಂಟು. ಸ್ವೀಡನ್ನಿನ ಆಡುನುಡಿಗಳಲ್ಲಿ ಭೂತಕಾಲದ ‘ವಾರ್ತ್’ ಕೇಳಿಸುತ್ತದೆ. ಡೇನಿಷ್‌ನಲ್ಲಿ ತಾಯಿಯಾಗಲಿರುವವಳನ್ನು ‘ವೊರ್ದೆಂದೆ ಮೊರ್’ ಎನ್ನುತ್ತಾರೆ. ಇವಿಷ್ಟಕ್ಕೆ ಎರಡು ಪ್ಯಾರಾ ಕೊಡಿ.

‘ವೆರ್ದಾ’ ಸಂಸ್ಕೃತದಿಂದ ಹೋದದ್ದು ಎಂಬ ಸಾಲನ್ನು ತೆಗೆದುಹಾಕಿ. ಅದು ಸಂಸ್ಕೃತದ ಮಗಳಲ್ಲ, ದಾಯಾದಿ. ‘ತಿರುಗು’ ಎಂಬ ಅರ್ಥದ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ‘ವೆರ್ದಾ’ ಅತ್ತ, ಸಂಸ್ಕೃತದ ‘ವೃತ್’ ಇತ್ತ ಬೆಳೆದವು. ನಾವು ದಿನವೂ ಆಡುವ ವರ್ತನೆ, ವರ್ತಮಾನ, ಪರಿವರ್ತನೆಗಳು ಆ ‘ವೃತ್’ನಿಂದ ಬಂದವು. ‘ಬ್ಲಿ’ಗೂ ಈ ಬೇರಿಗೂ ಸಂಬಂಧವೇ ಇಲ್ಲ, ನಿಮ್ಮ ಕರಡಿನಲ್ಲಿ ಎರಡೂ ಕಲಸಿಹೋಗಿವೆ.

ಕನ್ನಡದ ಓದುಗರಿಗೆ ಹೋಲಿಕೆ ಬೇಕೆಂದರೆ ಅದು ವ್ಯಾಕರಣದಲ್ಲಿದೆ. ಸ್ವೀಡಿಷ್‌ನಲ್ಲಿ ‘ಹೂಸೆತ್ ಬ್ಲೆವ್ ಬ್ಯುಗ್ತ್’ ಎಂದರೆ ‘ಮನೆ ಕಟ್ಟಲಾಯಿತು’. ಅಲ್ಲಿ ‘ಬ್ಲಿ’, ಇಲ್ಲಿ ‘ಆಗು’: ಎರಡೂ ಕರ್ಮಣಿಗೆ ಹೆಗಲು ಕೊಡುತ್ತವೆ. ಬಂಧುತ್ವದಿಂದಲ್ಲ, ‘ಆಗು’ ಎಂಬ ಅರ್ಥಕ್ಕೆ ಆ ಕೆಲಸ ಒಗ್ಗುತ್ತದೆ, ಅದಕ್ಕೆ.

ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟಿನಿಂದ ಇಂದಿನ ಬಳಕೆ ಎತ್ತಿಕೊಂಡಿದ್ದೀರಿ. ಅದರ ಮೊದಲ ಸಂಪುಟ 1898ರದು, ಕೊನೆಯದು 2023ರದು; ‘ಬಿ’ ಅಕ್ಷರದ ನಮೂದುಗಳಿಗೆ ನೂರು ವರ್ಷ ದಾಟಿದೆ. ಪದದ ಚರಿತ್ರೆಗೆ ಅದನ್ನು ನೋಡಿ, ಇಂದಿನ ಮಾತಿಗೆ ಹೊಸ ನಿಘಂಟು ನೋಡಿ. ಲಿಪ್ಯಂತರದಲ್ಲೂ ಒಂದೇ ಕ್ರಮವಿರಲಿ: ಡೇನಿಷ್‌ನಲ್ಲಿ ‘ಬ್ಲಿವೆ’ ಎಂದು ಬರೆದರೂ ಆಡುವಾಗ ಸಾಮಾನ್ಯವಾಗಿ ‘ವ’ ಕೇಳಿಸುವುದಿಲ್ಲ. ಬರಹಕ್ಕೆ ನಿಷ್ಠರೋ ಉಚ್ಚಾರಕ್ಕೋ ಮೊದಲೇ ಹೇಳಿಬಿಡಿ.

ಪೀಠಿಕೆಯ ಮೂರು ಪ್ಯಾರಾ ಬೇಡ. ‘ಬ್ಲಿವ್ ಹೆರ್’ನಿಂದಲೇ ಶುರುಮಾಡಿ.