ಅಧ್ಯಕ್ಷಗಿರಿ ಒಪ್ಪುವ ಮುನ್ನ: ಕಂದಾಯ ನಿರೀಕ್ಷಕಿಯೊಬ್ಬರ ಪ್ರಕರಣ

ಶ್ರೀಮತಿ ವ. ಅವರಿಗೆ ನಲವತ್ತರ ಮೇಲೆ ವಯಸ್ಸು. ರಾಜ್ಯದ ಒಂದು ಜಿಲ್ಲಾ ಕೇಂದ್ರದ ನಗರಾಡಳಿತದಲ್ಲಿ ಕಂದಾಯ ನಿರೀಕ್ಷಕಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಆಪ್ತಸಲಹೆಗೆಂದು ಅವರು ನನ್ನ ಬಳಿ ಬಂದದ್ದು ನಿದ್ರೆಯ ತೊಂದರೆಯಿಂದ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ, ಊಟ ರುಚಿಸುತ್ತಿರಲಿಲ್ಲ, ಮೊಬೈಲ್ ಸದ್ದು ಮಾಡಿದರೆ ಹೊಟ್ಟೆ ತೊಳಸುತ್ತಿತ್ತು. ಇದೆಲ್ಲ ಯಾವಾಗಿನಿಂದ ಎಂದು ಕೇಳಿದಾಗ ಅವರಿಗೆ ಉತ್ತರ ತಡವಾಗಲಿಲ್ಲ. ತೆರಿಗೆ ವಿಭಾಗದ ನೌಕರರ ಸಂಘಕ್ಕೆ ನೀವೇ ಅಧ್ಯಕ್ಷರಾಗಬೇಕು ಎಂದು ಸಹೋದ್ಯೋಗಿಗಳು ಪಟ್ಟು ಹಿಡಿದ ದಿನದಿಂದ.

ಮನೆಯವರು, ಗೆಳತಿಯರು ಎಲ್ಲರೂ ಅವರಿಗೆ ಹೇಳಿದ್ದು ಒಂದೇ: ನಿನಗೆ ನಿನ್ನ ಮೇಲೆ ನಂಬಿಕೆ ಸಾಲದು. ಅವರೂ ಅದನ್ನೇ ನಂಬಿ, ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವ ದಾರಿ ತಿಳಿಸಿ ಎಂದು ಕೇಳಿದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಎರಡು ದಶಕ ಬೀದಿ ಬೀದಿ ಅಲೆದು ಕಟ್ಟಡ ಅಳೆದವರು ಅವರು. ಮೂರು ಮಹಡಿ ಎಬ್ಬಿಸಿ ತೆರಿಗೆ ನಮೂನೆಯಲ್ಲಿ ಒಂದನ್ನಷ್ಟೇ ಬರೆದ ಪ್ರಭಾವಿಗಳ ಎದುರು ನಿಂತು ನೋಟಿಸ್ ಕೊಟ್ಟವರು. ಅಂಥವರು ಒಂದು ಸಂಘದ ಕುರ್ಚಿಗೆ ಹಿಂಜರಿಯುತ್ತಿದ್ದಾರೆಂದರೆ ಅವರಿಗೆ ಏನೋ ಗೊತ್ತಿದೆ, ಅದನ್ನು ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ ಎಂದೇ ನಾನು ಎಣಿಸಿದೆ. ಹಿಂಜರಿಕೆಯನ್ನು ಕಂಡಕೂಡಲೇ ಅದನ್ನು ದೌರ್ಬಲ್ಯವೆಂದು ತೀರ್ಮಾನಿಸುವ ಅವಸರ ನಮ್ಮ ವೃತ್ತಿಯಲ್ಲೂ ಇದೆ. ಅದರಿಂದ ಹಾನಿಯೇ ಹೆಚ್ಚು.

ಮೊದಲು ಮಾಡಬೇಕಾದ್ದನ್ನು ಮಾಡಿದೆ. ಖಿನ್ನತೆಯ ಲಕ್ಷಣಗಳಿವೆಯೇ, ಬದುಕು ಸಾಕೆನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ. ಹಾಗೇನೂ ಇರಲಿಲ್ಲ. ಥೈರಾಯ್ಡ್ ಮತ್ತು ರಕ್ತದೊತ್ತಡದ ತಪಾಸಣೆಗೆ ವೈದ್ಯರ ಬಳಿ ಕಳುಹಿಸಿದೆ. ರಾತ್ರಿ ಕಷ್ಟವಾದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಬರೆದುಕೊಟ್ಟೆ. ಆಮೇಲೆ ಅವರ ಕೆಲಸದ ಬಗ್ಗೆ ಕೇಳುತ್ತಾ ಕುಳಿತೆ.

ಈ ಕೆಲಸ ಎಂಥದ್ದೆಂದು ತಿಳಿಯದಿದ್ದರೆ ಪ್ರಕರಣ ಅರ್ಥವಾಗುವುದಿಲ್ಲ. ನಮ್ಮ ನಗರಗಳಲ್ಲಿ ಎರಡು ದಶಕಗಳಿಂದ ಸ್ವಯಂ ಘೋಷಣೆಯ ಪದ್ಧತಿ ನಡೆದುಬಂದಿದೆ. ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನು ಮಾಲೀಕರೇ ಬರೆದು ತೆರಿಗೆ ಕಟ್ಟುತ್ತಾರೆ. ಬರೆದದ್ದು ಸುಳ್ಳೆಂದು ತೋರಿದರೆ ಸ್ಥಳಕ್ಕೆ ಹೋಗಿ ಅಳೆಯಬೇಕಾದವರು ಇವರು. ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗಾಗಿ ಕೌಂಟರ್ ಮುಂದೆ ನೂಕುನುಗ್ಗಲು. ಜುಲೈ ಬಂತೆಂದರೆ ತಿಂಗಳಿಗೆ ಶೇ 2ರ ದಂಡದ ಬಗ್ಗೆ ಜಗಳ. 2021ರ ತಿದ್ದುಪಡಿ ತೆರಿಗೆಯನ್ನು ಚಾಲ್ತಿಯಲ್ಲಿರುವ ಮಾರ್ಗಸೂಚಿ ದರಕ್ಕೆ (ಆಸ್ತಿಗೆ ಸರ್ಕಾರ ನಿಗದಿ ಮಾಡುವ ಬೆಲೆಗೆ) ಜೋಡಿಸಿದ ಮೇಲೆ, ತೆರಿಗೆ ಏಕೆ ಏರಿತು ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆಯೂ ಇವರ ಪಾಲಿಗೇ ಬಂತು. 2025ರ ಫೆಬ್ರವರಿಯಲ್ಲಿ, ಅನಧಿಕೃತ ಆಸ್ತಿಗಳಿಗೂ ದಾಖಲೆ ಕೊಡುವ ಬಿ-ಖಾತಾ ಆಂದೋಲನ ಆರಂಭವಾದಾಗ ಭಾನುವಾರವೂ ಕಚೇರಿ. ಬೈಯುವವರಿಗೆ ಎದುರಿಗೆ ಸಿಗುವುದು ಕಾನೂನು ಮಾಡಿದವರಲ್ಲ, ಬಾಗಿಲಿಗೆ ಬಂದ ನಿರೀಕ್ಷಕಿ.

ಅವರ ಕೈಚೀಲದಲ್ಲಿ ಲೇಸರ್ ಮೀಟರ್ ಜೊತೆಗೆ ಮಾಸಿದ ಹಳದಿ ಟೇಪೊಂದು ಸದಾ ಇರುತ್ತದೆ. ತಕರಾರಿನ ಕಟ್ಟಡವಾದರೆ ಲೇಸರನ್ನು ಒಳಗಿಟ್ಟು ಟೇಪು ಬಿಚ್ಚುತ್ತಾರೆ. ಅದರ ಒಂದು ತುದಿಯನ್ನು ಮಾಲೀಕರ ಕೈಗೇ ಕೊಡುತ್ತಾರೆ. ಗೋಡೆಯಿಂದ ಗೋಡೆಗೆ ಹಿಡಿದು, ಅಂಕಿಯನ್ನು ಅವರಿಂದಲೇ ಓದಿಸಿ, ಅವರ ಕಣ್ಣೆದುರೇ ಬರೆದುಕೊಳ್ಳುತ್ತಾರೆ. "ತಾವೇ ಹಿಡಿದ ಅಳತೆಯನ್ನು ಯಾರೂ ಸುಲಭವಾಗಿ ಅಲ್ಲಗಳೆಯುವುದಿಲ್ಲ" ಎಂದರು. ಆ ಮಾತು ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ.

ಗಂಟು ಸಿಕ್ಕಿದ್ದು ಕೆಲವು ಭೇಟಿಗಳ ನಂತರ. ವಾಣಿಜ್ಯ ಮಳಿಗೆಗಳಿದ್ದ ಕಟ್ಟಡವೊಂದನ್ನು ವಾಸದ ಮನೆಯೆಂದು ದಾಖಲಿಸಲು ಹಣ ಪಡೆಯುತ್ತಿದ್ದಾಗ ಸಹೋದ್ಯೋಗಿಯೊಬ್ಬರು ಲೋಕಾಯುಕ್ತ ಪೊಲೀಸರ ಕೈಗೆ ಸಿಕ್ಕಿಬಿದ್ದು ಅಮಾನತಿನಲ್ಲಿದ್ದರು. ಅಧ್ಯಕ್ಷರಾಗಿ ಎಂದು ಇವರನ್ನು ಒತ್ತಾಯಿಸುತ್ತಿದ್ದವರಲ್ಲಿ ಹೆಚ್ಚಿನವರು ಆ ಸಹೋದ್ಯೋಗಿಯ ಆಪ್ತರು. "ಮೇಡಂ, ನೀವು ಹೋಗಿ ಹೇಳಿದರೆ ಮೇಲಿನವರು ಇಲ್ಲ ಎನ್ನುವುದಿಲ್ಲ" ಎಂಬುದು ಅವರ ಮಾತು. ಅಂದರೆ, ಇವರು ಇಷ್ಟು ವರ್ಷ ಕಾಪಾಡಿಕೊಂಡ ಒಳ್ಳೆಯ ಹೆಸರು ಅವರಿಗೆ ಎರವಲು ಬೇಕಿತ್ತು. ಶ್ರೀಮತಿ ವ. ಅವರಿಗೆ ಇದು ಮೊದಲ ದಿನವೇ ಹೊಳೆದಿತ್ತು. ಆದರೆ ಬಾಯಿಬಿಟ್ಟು ಹೇಳಲಾಗಲಿಲ್ಲ. ಏಕೆಂದರೆ ಅವರ ತಂದೆ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ರಾತ್ರಿಯೆಲ್ಲ ಎದ್ದು ಕಾದವರು ಇದೇ ಸಹೋದ್ಯೋಗಿ. ಇಲ್ಲವೆಂದರೆ ಕೃತಘ್ನಳು, ಹೌದೆಂದರೆ ಕಳ್ಳತನಕ್ಕೆ ಹೆಗಲು ಕೊಟ್ಟವಳು. ರಾತ್ರಿ ಮೂರಕ್ಕೆ ಅವರನ್ನು ಎಬ್ಬಿಸುತ್ತಿದ್ದುದು ಇದು.

ನಾನು ಕೊಟ್ಟ ಮುಖ್ಯ ಸಲಹೆ ಇಷ್ಟೇ: ಸಂಘ ಸದಸ್ಯರ ಹಕ್ಕಿನ ಪರ ನಿಲ್ಲಬೇಕು, ಅವರ ಕೃತ್ಯದ ಪರ ನಿಲ್ಲಬೇಕಾಗಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡಿ ಎಂದೆ. ಬೇರೆ ಮಾಡಿದ ಮೇಲೆ ಏನು ಉಳಿಯುತ್ತದೆ ಎಂದು ಇಬ್ಬರೂ ಬರೆಯುತ್ತಾ ಹೋದೆವು. ನಿಯಮಗಳು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿದ್ದವು. 48 ಗಂಟೆಗೂ ಮೀರಿ ಬಂಧನದಲ್ಲಿದ್ದ ನೌಕರ ಅಮಾನತಾದಂತೆಯೇ ಲೆಕ್ಕ; ಅದನ್ನು ತಡೆಯಲು ಹೋಗುವುದು ವ್ಯರ್ಥ. ಆದರೆ ಅಮಾನತಾದವರಿಗೂ ಜೀವನಾಧಾರ ಭತ್ಯೆಯಾಗಿ ಆರಂಭದಲ್ಲಿ ಅರ್ಧ ವೇತನ ಸಲ್ಲಬೇಕು, ಅದು ಕಡತದಲ್ಲಿ ಸಿಕ್ಕಿಹಾಕಿಕೊಂಡಿತ್ತು. ದೋಷಾರೋಪಣ ಪಟ್ಟಿಯ ಪ್ರತಿ ಕೈಗೆ ಸಿಗಬೇಕು. ಇಲಾಖಾ ವಿಚಾರಣೆ ವರ್ಷಗಟ್ಟಲೆ ಎಳೆಯಬಾರದು. ತನ್ನ ಪರವಾಗಿ ಮಾತನಾಡಲು ಇನ್ನೊಬ್ಬ ನೌಕರರ ನೆರವು ಪಡೆಯುವ ಅವಕಾಶವಿರಬೇಕು. ಮನೆಯಲ್ಲಿ ಓದುವ ಮಕ್ಕಳಿರುವ ಒಬ್ಬ ಮನುಷ್ಯನಿಗೆ ಇವು ಸಣ್ಣ ಸಹಾಯವೇನಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಕಾದವರ ಋಣವನ್ನು ಈ ದಾರಿಯಲ್ಲಿ ತೀರಿಸಬಹುದು, ಪ್ರಕರಣವನ್ನು ಮುಚ್ಚಿಹಾಕಿ ಅಲ್ಲ ಎಂದಾಗ ಅವರು ಬಹಳ ಹೊತ್ತು ಅತ್ತರು. ನಾನು ತಡೆಯಲಿಲ್ಲ. (ಕಾನೂನಿನ ಅಂಶಗಳನ್ನು ಸಿಬ್ಬಂದಿ ಶಾಖೆಯ ಹಿರಿಯರೊಬ್ಬರ ಬಳಿ ಖಚಿತಪಡಿಸಿಕೊಳ್ಳಿ ಎಂದೂ ಹೇಳಿದೆ. ಆಪ್ತಸಲಹೆಗಾರರು ವಕೀಲರ ಪಾತ್ರ ವಹಿಸಬಾರದು.)

ತಿಳಿದರೆ ಸಾಲದು, ಹೇಳಲು ಬರಬೇಕು. ನಾನು ಆ ಸಹೋದ್ಯೋಗಿಯಾದೆ, ಅವರು ಅವರಾಗಿಯೇ ಉಳಿದರು. ಫೋನ್ ಕರೆಯನ್ನು ಅಭ್ಯಾಸ ಮಾಡಿದೆವು. ಮೊದಲು ಅವರು ಒಂದು ವಾಕ್ಯ ಹೇಳಿ, ಅದಕ್ಕೆ ಸಮಜಾಯಿಷಿ, ಕ್ಷಮೆ, ಮತ್ತೆ ಸಮಜಾಯಿಷಿ ಸೇರಿಸುತ್ತಾ ಹೋಗುತ್ತಿದ್ದರು. ಪ್ರತಿ ಸಮಜಾಯಿಷಿಯೂ ಎದುರಿನವರಿಗೆ ಹಿಡಿದೆಳೆಯಲು ಒಂದು ಎಳೆ ಕೊಡುತ್ತದೆ. ಕಡಿಮೆ ಮಾಡುತ್ತಾ ಬಂದು ಕೊನೆಗೆ ಉಳಿದದ್ದು ಇಷ್ಟು: "ನಿಮ್ಮ ಭತ್ಯೆ ತಡವಾಗದಂತೆ ನಾನು ಓಡಾಡುತ್ತೇನೆ. ಪ್ರಕರಣ ಕೈಬಿಡಿ ಎಂದು ಯಾರನ್ನೂ ಕೇಳುವುದಿಲ್ಲ." ಇದನ್ನು ಹೇಳಿ ಸುಮ್ಮನಿರುವುದು ಅವರಿಗೆ ಹೇಳುವುದಕ್ಕಿಂತ ಕಷ್ಟವಾಯಿತು.

ಎರಡನೆಯ ಸಲಹೆ, ಒಪ್ಪುವ ಮುನ್ನ ಸಂಘದ ಪುಸ್ತಕಗಳನ್ನು ತರಿಸಿ ನೋಡಿ ಎಂಬುದು. ಹಿಂದಿನ ಅಧ್ಯಕ್ಷರಿಗೆ ಬೇಸರವಾಗುತ್ತದೆ ಎಂದು ಅಳುಕಿದರು. ಕಟ್ಟಡ ನೋಡದೆ ತೆರಿಗೆ ಹಾಕುತ್ತೀರಾ ಎಂದು ಕೇಳಿದೆ; ತರಿಸಿದರು. ನಡಾವಳಿ ಪುಸ್ತಕದಲ್ಲಿ ಬೇರೆ ಬೇರೆ ತಿಂಗಳ ಸಭೆಗಳ ಸಹಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದವು. ನಿವೃತ್ತರಾಗಿ ಹೋದವರೊಬ್ಬರ ಸಹಿಯೂ ಇತ್ತು. ಸಂಘ ನೋಂದಣಿಯಾದದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಅದರ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸಿದ ಗುರುತು ಇರಲಿಲ್ಲ. ಇದನ್ನು ಕಂಡ ಮೇಲೆ ಅವರ ಭಯ ಹೆಚ್ಚುತ್ತದೆ ಎಂದುಕೊಂಡಿದ್ದೆ, ಕಡಿಮೆಯಾಯಿತು. ಇಲ್ಲದ್ದೇನು, ಮಾಡಬೇಕಾದ್ದೇನು ಎಂಬುದು ಕಾಗದದ ಮೇಲೆ ಬಂದಿತ್ತು, ಕಾಗದದ ಕೆಲಸಕ್ಕೆ ಅವರು ಅಂಜುವವರಲ್ಲ. ಹಣಕಾಸಿನ ವಿಷಯದಲ್ಲಿ ನೀವು ಕಟ್ಟಡದ ಮಾಲೀಕರಿಗೆ ಮಾಡುವುದನ್ನೇ ಸದಸ್ಯರಿಗೆ ಮಾಡಿ, ಟೇಪಿನ ಇನ್ನೊಂದು ತುದಿಯನ್ನು ಅವರ ಕೈಗೆ ಕೊಡಿ ಎಂದೆ. ಬ್ಯಾಂಕ್ ಖಾತೆಗೆ ಜಂಟಿ ಸಹಿ, ತಿಂಗಳ ಲೆಕ್ಕ ಸೂಚನಾ ಫಲಕದಲ್ಲಿ.

ಮನೆಯ ಮಾತು ಬೇಗ ಮುಗಿಯಿತು. ಮಗಳ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಿತ್ತು, ಪತಿಗೆ ಹೆಂಡತಿ ಅಧ್ಯಕ್ಷೆಯಾಗುವ ಹೆಮ್ಮೆಯಿತ್ತು, ಸಂಜೆಯ ಅಡುಗೆ ಯಾರದ್ದೆಂಬ ಮಾತು ಮಾತ್ರ ಎದ್ದಿರಲಿಲ್ಲ. ಪತಿಯನ್ನು ಒಮ್ಮೆ ಕರೆಸಿ, ಹೆಮ್ಮೆಯ ಜೊತೆಗೆ ವಾರದ ಯಾವ ಸಂಜೆಗಳ ಹೊಣೆ ನಿಮ್ಮದು ಎಂದು ಕೇಳಿದೆ. ಅವರು ಹೇಳಿದರು, ನಡೆಸಿಕೊಂಡೂ ಬಂದರು. ರಾತ್ರಿ ಎಂಟರ ನಂತರ ಸಂಘದ ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಿಡುವುದು, ತುರ್ತಿದ್ದರೆ ಕಾರ್ಯದರ್ಶಿಗೆ ಕರೆ ಎಂಬ ಏರ್ಪಾಡೂ ಆಯಿತು.

ಸರ್ವಸದಸ್ಯರ ಸಭೆಯಲ್ಲಿ ಅವರು ತಮ್ಮ ಷರತ್ತುಗಳನ್ನು ಓದಿದರು. ಒಂದೇ ಅವಧಿಗೆ ಇರುತ್ತೇನೆ; ಲೆಕ್ಕ ಬಹಿರಂಗವಾಗಿರುತ್ತದೆ; ಹೊಡೆತ ತಿಂದ, ಬೆದರಿಕೆಗೆ ಒಳಗಾದ ಪ್ರತಿ ಕ್ಷೇತ್ರ ಸಿಬ್ಬಂದಿಯ ಜೊತೆ ಪೊಲೀಸ್ ಠಾಣೆಗೆ ಸಂಘದವರೊಬ್ಬರು ಹೋಗುತ್ತಾರೆ; ಭ್ರಷ್ಟಾಚಾರದ ಪ್ರಕರಣದಲ್ಲಿ ಸಂಘ ನ್ಯಾಯವಾದ ವಿಚಾರಣೆಯನ್ನಷ್ಟೇ ಕೇಳುತ್ತದೆ. ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್‌ಗಳ ಸಂಬಳದ ವಿಷಯವನ್ನೂ ಎತ್ತಿದರು. ಅವರು ಸದಸ್ಯರಲ್ಲ, ಆದರೆ ಇ-ಆಸ್ತಿಯ, ಅಂದರೆ ಗಣಕೀಕೃತ ಆಸ್ತಿ ದಾಖಲೆಯ ಕೆಲಸ ಹೆಚ್ಚಾಗಿ ನಡೆಯುವುದೇ ಅವರ ಕೈಯಲ್ಲಿ. ಇದು ನಾನು ಹೇಳಿಕೊಟ್ಟದ್ದಲ್ಲ, ಕೇಳಿ ನನಗೆ ತುಂಬಾ ಸಂತೋಷವಾಯಿತು. ಅವಿರೋಧ ಆಯ್ಕೆ ಎಂದುಕೊಂಡಿದ್ದ ಕಡೆ ಚುನಾವಣೆ ನಡೆಯಿತು. ಒತ್ತಾಯ ಮಾಡಿದವರಲ್ಲೇ ಕೆಲವರು ಎದುರು ಅಭ್ಯರ್ಥಿಯನ್ನು ನಿಲ್ಲಿಸಿದರು. ಕಡಿಮೆ ಅಂತರದಲ್ಲಿ ಇವರು ಗೆದ್ದರು.

ಜೀವನಾಧಾರ ಭತ್ಯೆಯ ಕಡತ ಮುಂದೆ ಸಾಗಿ ಬಾಕಿ ಸಹಿತ ಪಾವತಿಯಾಗಿದೆ. ಆ ಸಹೋದ್ಯೋಗಿ ಇವರೊಡನೆ ಮಾತು ಬಿಟ್ಟಿದ್ದಾರೆ. ಅದು ನೋಯುತ್ತದೆ, ನೋಯಲಿ ಬಿಡಿ, ನೋವಿಗೆ ಕಾರಣವಿದೆ ಎಂದು ನಾವು ಮಾತಾಡಿಕೊಂಡಿದ್ದೇವೆ. ನಿದ್ರೆ ಬಹುಮಟ್ಟಿಗೆ ಮರಳಿದೆ. ಗಲಾಟೆಯಾದ ದಿನಗಳಲ್ಲಿ ಈಗಲೂ ಕೆಡುತ್ತದೆ. ಭೇಟಿಗಳನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ. ರಿಯಾಯಿತಿಯ ಏಪ್ರಿಲ್‌ನಲ್ಲಿ ಮಾತ್ರ ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದ್ದೇನೆ.