ಮಾಮೂಲಿ ಡಿಎಸ್‌ಎಲ್‌ಆರ್‌ನಲ್ಲಿ ಚಂದ್ರನ ಫೋಟೋ ತೆಗೆದ್ರೆ ಬರೀ ಬಿಳಿ ಉಂಡೆ ಬರ್ತಿದೆ, ಹೊಸ ಕ್ಯಾಮೆರಾ ತಗೋಬೇಕಾ?

ಬೇಡ, ದಯವಿಟ್ಟು ದುಡ್ಡು ಹಾಕ್ಬೇಡಿ. ನಿಮ್ಮ ಹತ್ರ ಕ್ಯಾನನ್ 1500ಡಿ ಇದೆ, ಜೊತೆಗೆ 18-55 ಮತ್ತೆ 55-250 ಎಂಎಂ ಜೂಮ್ ಲೆನ್ಸ್ ಇದೆ, ಹುಣ್ಣಿಮೆ ದಿನ ಟೆರೇಸ್ ಮೇಲಿಂದ ಎಷ್ಟು ತೆಗೆದ್ರೂ ಬಲ್ಬ್ ತರ ಬರುತ್ತೆ ಅಂದಿದೀರಿ. ನನ್ನ ಹತ್ರ ಇರೋದೂ ಅದೇ ಸೆಟ್ಟು, ಸುಮಾರು ವರ್ಷದಿಂದ ಅದರಲ್ಲೇ ತೆಗೀತಾ ಇದೀನಿ, ಮೊದಮೊದಲು ನಂಗೂ ಹಂಗೇ ಬರ್ತಿತ್ತು.

ನಮ್ಮಮ್ಮ ಸಂಕಷ್ಟಿ ಮಾಡ್ತಾರೆ, ಚಂದ್ರ ಕಾಣೋವರೆಗೂ ಊಟ ಇಲ್ಲ. ಒಂದಿನ ಅವರ ಜೊತೆ ಮಹಡಿ ಮೇಲೆ ಕಾಯ್ತಾ ನಿಂತಿದ್ದೆ, ಒಂಬತ್ತರ ಹತ್ರ ಪಕ್ಕದ ಮನೆ ತೆಂಗಿನಮರದ ಹಿಂದಿಂದ ಮೇಲ್ಗಡೆ ಅಂಚು ಸ್ವಲ್ಪ ತಿಂದಂಗಿದ್ದ ಚಂದ್ರ ಬಂದ, ನಾನು ಆಟೋ ಮೋಡ್‌ನಲ್ಲಿ ಒತ್ತಿದೆ, ಫ್ಲಾಶ್ ಬೇರೆ ಎದ್ದು ಕೂತ್ಕೊಳ್ತು, ಬಂದಿದ್ದು ಬಿಳಿ ಉಂಡೆ. ಅಮ್ಮ ಅರ್ಘ್ಯ ಕೊಟ್ಟು ಊಟಕ್ಕೆ ಇಳಿದ್ರು, ನಾನು ಅಲ್ಲೇ ಕೂತು ಒಂದೊಂದೇ ಸೆಟ್ಟಿಂಗ್ ತಿರುಗಿಸ್ತಾ ಹೋದೆ, ಆವತ್ತೇ ವಿಷಯ ತಲೆಗೆ ಹೋಗಿದ್ದು.

ವಿಷಯ ಇಷ್ಟೇ. ನಮಗೆ ರಾತ್ರಿ, ಆದ್ರೆ ಚಂದ್ರನ ಮೇಲೆ ಆಗ ಹಗಲು. ನೀವು ತೆಗೀತಿರೋದು ಬಿಸಿಲಲ್ಲಿ ಬಿದ್ದಿರೋ ಒಂದು ಬಂಡೆ ಫೋಟೋ, ಅದೂ ಕಪ್ಪು ಬಂಡೆ, ಬಿದ್ದ ಬೆಳಕಲ್ಲಿ ಶೇಕಡಾ 12ರಷ್ಟು ಮಾತ್ರ ವಾಪಸ್ ಕಳಿಸೋದು. ಕ್ಯಾಮೆರಾಗೆ ಪಾಪ ಇದು ಗೊತ್ತಾಗಲ್ಲ, ಫ್ರೇಮ್ ತುಂಬಾ ಕತ್ತಲೆ ಆಕಾಶ ಇರೋದು ನೋಡಿ ಬೆಳಕು ಸಾಲದು ಅಂದ್ಕೊಂಡು ಶಟರ್ ಜಾಸ್ತಿ ಹೊತ್ತು ತೆಗೆದಿಡುತ್ತೆ. ಹಂಗಾಗಿ ಡಯಲ್ ಎಂಗೆ (ಮ್ಯಾನ್ಯುಯಲ್, ಎಲ್ಲಾ ನಾವೇ ಇಡೋದು) ತಿರುಗಿಸಿ, ಐಎಸ್‌ಒ 100 (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನೋದು), ಎಫ್8 (ಲೆನ್ಸ್ ಕಿಂಡಿ ಅಳತೆ), ಶಟರ್ 1/200 ಸೆಕೆಂಡ್ ಇಡಿ. ಹುಣ್ಣಿಮೆಗೆ ಇದು ಸಾಕು. ಎಫ್11 ಇಟ್ರೆ ಐಎಸ್‌ಒ ಎಷ್ಟೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಭಾಗ (100ಕ್ಕೆ 1/100) ಅನ್ನೋ ಹಳೇ ಲೆಕ್ಕವೊಂದಿದೆ, ಅದನ್ನ ನೆನಪಿಟ್ಕೊಂಡ್ರೂ ಆಯ್ತು. ಅರ್ಧ ಚಂದ್ರ ಇನ್ನೂ ಮಂಕು, ಅದಕ್ಕೆ ಐಎಸ್‌ಒ 200, ಎಫ್8, 1/125ರಿಂದ ಶುರು ಮಾಡಿ.

18-55 ಲೆನ್ಸ್ ಬ್ಯಾಗಲ್ಲೇ ಇರ್ಲಿ. ಚಂದ್ರ ನಮಗೆ ಕಾಣೋದು ಬರೀ ಅರ್ಧ ಡಿಗ್ರಿ ಅಗಲ, 55ರಲ್ಲಿ ಫೋಟೋದಲ್ಲಿ ಸುಮಾರು 135 ಪಿಕ್ಸೆಲ್ ಅಗಲ ಬರುತ್ತೆ, 250ರಲ್ಲಿ 600 ದಾಟುತ್ತೆ. ಅಂದ್ರೆ ಒಂದು ಪಿಕ್ಸೆಲ್‌ಗೆ ಐದೂವರೆ, ಆರು ಕಿಲೋಮೀಟರ್ ಲೆಕ್ಕ. ಟೈಕೋ ಅನ್ನೋ ಕುಳಿ 85 ಕಿಲೋಮೀಟರ್ ಅಗಲ, ಬೆಂಗಳೂರಿಂದ ತುಮಕೂರಿಗಿಂತ ಜಾಸ್ತಿ ದೂರ, ನಿಮ್ಮ ಫೋಟೋದಲ್ಲಿ ಅದು ಹದಿನೈದು ಪಿಕ್ಸೆಲ್ ಆಗಿ ಕೂತಿರುತ್ತೆ. ಸಣ್ಣದೇ, ಆದ್ರೆ ಖಂಡಿತ ಕಾಣುತ್ತೆ. ಅದರಿಂದ ಸುತ್ತ ಗೆರೆಗಳು ಹರಡಿರೋದನ್ನ ಅಮ್ಮಂಗೆ ತೋರಿಸಿದಾಗ "ಕಿತ್ತಳೆಹಣ್ಣಿನ ತೊಟ್ಟು ಇದ್ದಂಗಿದೆಯಲ್ಲೋ" ಅಂದ್ರು, ಈಗ ಹುಣ್ಣಿಮೆ ಬಂದಾಗೆಲ್ಲ ನನ್ ಕಣ್ಣಿಗೂ ಮೊದಲು ಕಾಣೋದು ಆ ತೊಟ್ಟೇ, ಮೊಲ ಆಮೇಲೆ.

ಫೋಕಸ್ ಮಾತ್ರ ಕ್ಯಾಮೆರಾ ಮೇಲೆ ಬಿಡ್ಬೇಡಿ. ಲೆನ್ಸ್ ಪಕ್ಕದ ಸ್ವಿಚ್ ಕೈಯಲ್ಲೇ ಫೋಕಸ್ ಮಾಡೋ ಎಂಎಫ್‌ಗೆ ತಳ್ಳಿ, ಲೈವ್ ವ್ಯೂ (ಸ್ಕ್ರೀನ್ ಮೇಲೆ ನೇರ ಚಿತ್ರ) ಹಾಕಿ 10 ಪಟ್ಟು ಜೂಮ್ ಮಾಡಿ, ಚಂದ್ರನ ಅಂಚು ಬ್ಲೇಡ್ ತರ ಕಾಣೋವರೆಗೂ ರಿಂಗ್ ನಿಧಾನಕ್ಕೆ ತಿರುಗಿಸಿ. ಟ್ರೈಪಾಡ್ ಇದ್ರೆ ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ತಡೆಯೋದು) ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಟ್ಟು ಕೈ ತೆಗೀರಿ. ಇಲ್ದಿದ್ರೂ ಚಿಂತೆ ಇಲ್ಲ, ನಾನು ಬಹಳ ದಿನ ಎರಡು ಕೆಜಿ ರಾಗಿ ತುಂಬಿದ ಬಟ್ಟೆ ಚೀಲ ಪ್ಯಾರಾಪೆಟ್ ಗೋಡೆ ಮೇಲಿಟ್ಟು, ಮಧ್ಯ ಗುಳಿ ಮಾಡಿ, ಅದರಲ್ಲಿ ಲೆನ್ಸ್ ಕೂರಿಸಿ ತೆಗೆದಿದೀನಿ, ಅಗ್ಗದ ಟ್ರೈಪಾಡ್‌ಗಿಂತ ಗಟ್ಟಿ ನಿಲ್ಲುತ್ತೆ. ರಾ (ಕ್ಯಾಮೆರಾ ತಿದ್ದದೆ ಇಡೋ) ಫಾರ್ಮ್ಯಾಟ್‌ನಲ್ಲಿ ಹದಿನೈದಿಪ್ಪತ್ತು ತೆಗೆದು ಶಾರ್ಪ್ ಇರೋದೊಂದು ಆರಿಸ್ಕೊಳ್ಳಿ, ಗಾಳಿ ಅಲುಗಾಡ್ತಾ ಇರೋದ್ರಿಂದ ಎಲ್ಲಾ ಒಂದೇ ತರ ಬರಲ್ಲ. ಚಂದ್ರ ಎರಡೇ ನಿಮಿಷದಲ್ಲಿ ತನ್ನ ಅಗಲದಷ್ಟು ಸರಿದುಬಿಡ್ತಾನೆ, ಮಧ್ಯೆ ಮಧ್ಯೆ ಫ್ರೇಮ್ ಸರಿ ಮಾಡ್ತಿರಿ.

ಈಗ ನಾನು ನಿಜವಾಗ್ಲೂ ಹೇಳಬೇಕು ಅಂದ್ಕೊಂಡಿದ್ದು. ಹುಣ್ಣಿಮೆಗೆ ಕಾಯ್ಬೇಡಿ. ಹುಣ್ಣಿಮೆ ದಿನ ಬಿಸಿಲು ನೇರ ಬೀಳುತ್ತೆ, ಒಂದು ಕುಳಿಗೂ ನೆರಳಿರಲ್ಲ, ಫೋಟೋ ಚಪ್ಪಟೆ ದೋಸೆ ತರ ಬರುತ್ತೆ. ಸೂಪರ್ ಮೂನ್ ಅಂತ ನ್ಯೂಸ್‌ನಲ್ಲಿ ಬಂದ್ರೂ ಅಷ್ಟೇ, ಅತಿ ಹತ್ತಿರದ್ದಕ್ಕೂ ಅತಿ ದೂರದ್ದಕ್ಕೂ ಸೈಜಲ್ಲಿ ಹೆಚ್ಚಂದ್ರೆ ಶೇಕಡಾ 14 ವ್ಯತ್ಯಾಸ. ಗೋಡೆ ಕ್ಯಾಲೆಂಡರ್ ನೋಡಿ, ಶುಕ್ಲಪಕ್ಷದ ಸಪ್ತಮಿ, ಅಷ್ಟಮಿ, ನವಮಿ ಗುರುತು ಹಾಕ್ಕೊಳ್ಳಿ. ಬೆಳಕು ಕತ್ತಲೆ ಸೇರೋ ಗೆರೆ ಆಗ ಚಂದ್ರನ ನಡುವೆ ಇರುತ್ತೆ, ಅಲ್ಲಿ ಸೂರ್ಯ ಈಗಷ್ಟೇ ಹುಟ್ತಿರ್ತಾನೆ, ಸಣ್ಣ ಗುಡ್ಡಕ್ಕೂ ಉದ್ದುದ್ದ ನೆರಳು. ನವಮಿ ದಿನ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಖೆಲ್ ಅನ್ನೋ ಮೂರು ಕುಳಿ ಒಂದರ ಕೆಳಗೊಂದು ಪೋಣಿಸಿಟ್ಟಂಗೆ ಕಾಣುತ್ತೆ. ಕತ್ತಲೆ ಭಾಗದ ಒಳಗೂ ಜೂಮ್ ಮಾಡಿ ನೋಡಿ, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ ಸಿಗುತ್ತೆ, ಸೆನ್ಸರ್ ಧೂಳು ಅಂತ ಅಳಿಸ್ಬೇಡಿ, ಬುಡ ಇನ್ನೂ ಕತ್ತಲಲ್ಲಿದ್ದು ತುದಿಗೆ ಮಾತ್ರ ಬಿಸಿಲು ತಾಗಿರೋ ಬೆಟ್ಟಗಳು ಅವು. ಮೊದಲ ಸಲ ನೋಡಿದಾಗ ನಾನು ಮನೇಲಿ ಎಲ್ರನ್ನೂ ಕರೆದು ತೋರಿಸಿದೀನಿ.

ಟೈಮ್ ಬಗ್ಗೆ ಒಂದು ಮಾತು. ನಮ್ಮ ಕಡೆ ಫೆಬ್ರವರಿ-ಮಾರ್ಚ್‌ನಲ್ಲಿ ಅಷ್ಟಮಿ ಚಂದ್ರ ಸಂಜೆ ಹೊತ್ತಿಗೆ ಹೆಚ್ಚುಕಮ್ಮಿ ನೆತ್ತಿ ಮೇಲಿರ್ತಾನೆ, 1500ಡಿ ಸ್ಕ್ರೀನ್ ಮಡಚಕ್ಕೆ ಬರಲ್ವಲ್ಲ, ಕತ್ತು ನೋವು ಗ್ಯಾರಂಟಿ. ಒಂಬತ್ತರ ಸುಮಾರಿಗೆ ಪಶ್ಚಿಮಕ್ಕೆ ಅರ್ಧ ಇಳಿದಿರ್ತಾನೆ, ಆಗ ಆರಾಮ, ಹಗಲೆಲ್ಲ ಕಾದಿರೋ ಟೆರೇಸ್ ಕಾಂಕ್ರೀಟೂ ಅಷ್ಟೊತ್ತಿಗೆ ಸ್ವಲ್ಪ ತಣ್ಣಗಾಗಿರುತ್ತೆ, ಬಿಸಿಗಾಳಿ ಎದ್ದು ಅಂಚು ನಡುಗೋದು ಕಮ್ಮಿ ಆಗುತ್ತೆ. ಹುಟ್ಟೋವಾಗ ಕೆಂಪಗೆ ಚೆಂದ ಕಾಣ್ತಾನೆ ನಿಜ, ಡೀಟೇಲ್ ಮಾತ್ರ ಸಿಗಲ್ಲ. ಮಳೆಗಾಲ ಬಿಡಿ, ಕಾರ್ತಿಕದಿಂದ ಫಾಲ್ಗುಣದವರೆಗೂ ಆಕಾಶ ಚೆನ್ನಾಗಿರುತ್ತೆ.

ಮುಂದಿನ ನವಮಿಗೆ ತೆಗೆದು ಇಲ್ಲಿ ಹಾಕಿ, ಯಾವ ಕುಳಿ ಯಾವುದು ಅಂತ ಗುರುತು ಮಾಡಿ ಕೊಡ್ತೀನಿ.