ಹೊಸ ರೈಫಲ್ ಬ್ಯಾರೆಲ್ ಪಳಗಿಸುವುದು ಹೇಗೆ?

ಹೊಸ ರೈಫಲ್‌ಗೆ ಪ್ರತಿ ಗುಂಡಿನ ನಂತರವೂ ಬ್ಯಾರೆಲ್ ತೊಳೆಯಬೇಕಾ ಅಂತ ಕೇಳಿದ್ದೀರಿ. ಮೊದಲ ಕೆಲವು ಗುಂಡುಗಳಿಗೆ ಮಾತ್ರ ಸಾಕು.

ಗುಂಡು ಬ್ಯಾರೆಲ್ ಒಳಗೆ ಹೊಕ್ಕುವ ಜಾಗದಲ್ಲಿ ಯಂತ್ರ ಕೊರೆದ ಸಣ್ಣ ಗೀರುಗಳು ಉಳಿದಿರುತ್ತವೆ. ಅವು ಗುಂಡಿನ ತಾಮ್ರವನ್ನು ಕೆರೆದು ಒಳಗೆಲ್ಲ ಮೆತ್ತುತ್ತವೆ. ಕೆಲವು ಗುಂಡು ಹೋದಂತೆ ಗೀರು ನುಣುಪಾಗುತ್ತದೆ. ಒಳಮೈ ಉಜ್ಜಿ ನುಣುಪು ಮಾಡಿದ ದುಬಾರಿ ಬ್ಯಾರೆಲ್‌ಗೆ ಇದೂ ಬೇಕಾಗಲಿಕ್ಕಿಲ್ಲ. ಬರೀ ಸೀಸದ ಗುಂಡು ಹಾರಿಸುವ .22 ಕ್ಯಾಲಿಬರ್‌ನ ಸಣ್ಣ ರೈಫಲ್‌ಗೆ ಸುಮ್ನೆ ಈ ಕಷ್ಟ ಬೇಡ.

ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ಎಂದು ಕಣ್ಣಾರೆ ನೋಡಿ, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದಿಡಿ. ಮೊದಲ ಗುಂಡಿಗೂ ಮುಂಚೆ ಕಾರ್ಖಾನೆಯ ಎಣ್ಣೆ ಒರೆಸಿ. ತೊಳೆಯುವ ರಾಡ್ ಹಿಂದಿನಿಂದಲೇ ಹೋಗಲಿ, ಅದನ್ನು ನೇರವಾಗಿ ಒಯ್ಯುವ ಕೊಳವೆ, ಅಂದರೆ ಬೋರ್ ಗೈಡ್ ಹಾಕಿ. ಮುಂದಿನ ಬಾಯಿಯ ಅಂಚು ಸವೆದರೆ ಗುರಿಯೇ ಕೆಡುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಗುಂಡು ಹಾರಿಸಿದ ಮೇಲೆ ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆ ತುಂಡು ತೂರಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಹೊರಬಂದ ಬಟ್ಟೆ ನೀಲಿ-ಹಸಿರು ಆಗಿದ್ದರೆ ತಾಮ್ರ ಇನ್ನೂ ಇದೆ ಎಂದರ್ಥ. ಆದರೆ ಕಂಚಿನ ಬ್ರಷ್ ಕೂಡ ಅದೇ ಬಣ್ಣ ಬಿಡುತ್ತದೆ, ಮೋಸ ಹೋಗಬೇಡಿ! ನೈಲಾನ್ ಬ್ರಷ್ ಬಳಸಿ.

ನೀಲಿ ಕಡಿಮೆಯಾದ ಮೇಲೆ ಮೂರು ಗುಂಡಿಗೊಮ್ಮೆ ತೊಳೆದರೆ ಸಾಕು. ಎತ್ತಿಡುವಾಗ ತೆಳುವಾಗಿ ಎಣ್ಣೆ ಸವರಿ. ಕೊಡಗಿನ ಮಳೆಗಾಲದಲ್ಲಂತೂ ತುಕ್ಕು ಬೇಗ ಹಿಡಿಯುತ್ತದೆ, ಅಲ್ವಾ? ಮತ್ತೆ ಹಾರಿಸುವ ಮೊದಲು ಆ ಎಣ್ಣೆಯನ್ನು ಮರೆಯದೆ ಒರೆಸಿ ತೆಗೆಯಿರಿ.